ನಿಲಂಗಾ ಪ್ಯಾಟಿಯಲ್ಲಿ ಎತ್ತು ಮಾರಿದ ದಿನ

ಎತ್ತಾಗುವವನ ಸೊಂಟಕ್ಕೆ ಹಗ್ಗ ಕಟ್ಟಬೇಕು, ಕೊರಳಿಗೆ ಕಟ್ಟಬಾರದು. ನಮ್ಮ ಆಟದ ಮೊದಲ ನಿಯಮ ಅದು. ನೋಡಲು ಬಂದ ಮಂದಿಯಲ್ಲೇ ಒಬ್ಬನನ್ನು ಎಳೆದು ತಂದು, ಕೈ ಕಾಲು ನಾಲ್ಕನ್ನೂ ನೆಲಕ್ಕೆ ಊರಿಸಿ, ಇದು ದೇವಣಿ ಎತ್ತು ಎಂದು ಸಾರಿ ಮಾರುವ ಆಟ ನಮ್ಮದು. ಕೊರಳಿಗೆ ಹಗ್ಗ ಬಿದ್ದರೆ ಗಂಡಸಿಗೆ ಸಿಟ್ಟು ಬರುತ್ತದೆ, ಸೊಂಟಕ್ಕೆ ಬಿದ್ದರೆ ನಗು ಬರುತ್ತದೆ. ಯಾಕೆ ಹಾಗೆ ಎಂದು ನನ್ನನ್ನು ಕೇಳಬೇಡಿ. ನನಗೆ ಕಲಿಸಿದ ಮುದುಕ ಹೇಳಿದ್ದ. ಉಮರ್ಗಾದಲ್ಲಿ ಒಮ್ಮೆ ಅವಸರಕ್ಕೆ ಕೊರಳಿಗೆ ಕಟ್ಟಿದೆ. ಎತ್ತಾದವನು ಎದ್ದು ಹಣೆಯಿಂದ ನನ್ನ ಮೂಗಿಗೆ ಗುದ್ದಿದ. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಮಂದಿ ಅದು ಆಟದ್ದೇ ಎಂದು ಚಪ್ಪಾಳೆ ಹೊಡೆದರು. ಆಮೇಲೆ ಮರೆಯಲಿಲ್ಲ.

ಕನ್ನಡದವರು ನನ್ನನ್ನು ಸೋಗಿನವ ಎನ್ನುತ್ತಿದ್ದರು, ಮರಾಠಿಯವರು ಸೋಂಗಾಡ್ಯಾ. ಎರಡರಲ್ಲೂ ಅರ್ಥ ಒಂದೇ, ಸೋಗು ಹಾಕಿ ಮಂದಿಯನ್ನು ನಗಿಸುವವನು. ನಾವು ಮೂವರೇ ಇದ್ದೆವು. ಹಲಗಿ ಬಡಿಯುತ್ತಿದ್ದವನು ಮಾಲಕ, ಉದಗೀರದ ಕಡೆಯ ಕಿರಾಣಿ ಮನೆತನದವನು, ಅಂಗಡಿ ಬಿಟ್ಟು ಹಲಗಿ ಹಿಡಿದವನು. ಎತ್ತು ಮಾರುವವನು ನಾನು. ನನ್ನ ಆಳಿನ ಸೋಗು ಹಾಕುತ್ತಿದ್ದವನು ಜೋಡಿದಾರ, ಉಮರ್ಗಾದ ಮರಾಠಿಯವನು. ನಮ್ಮ ಆಟ ಹಗಲಿನದು. ಊರೂರ ಸಂತೆಯಲ್ಲಿ, ದನದ ಪ್ಯಾಟಿಯ ಪಕ್ಕದಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ ಹಲಗಿ ಬಡಿದರೆ ಆಯಿತು.

ಆಟದ ಜೀವ ಒಂದೇ ಒಂದು ಮಾತಿನಲ್ಲಿತ್ತು. ಕನ್ನಡದಲ್ಲಿ ‘ಮಾರು’ ಎಂದರೆ ಮಾರಾಟ ಮಾಡು. ಮರಾಠಿಯಲ್ಲಿ ‘ಮಾರ್’ ಎಂದರೆ ಹೊಡೆ. ನಾನು ಎತ್ತಿನ ಹಲ್ಲು ನೋಡಿ, ಗೊರಸು ಎತ್ತಿ, ಸುಳಿ ಹುಡುಕಿ, ಕೊನೆಗೆ ಮಂದಿಯನ್ನು ಕೇಳುತ್ತಿದ್ದೆ: “ಮಾರ್ಲೇನ್ರೀ?” ಮಂದಿ ಒಕ್ಕೊರಲಿನಿಂದ “ಮಾರು!” ಎನ್ನುತ್ತಿದ್ದರು. ಹಿಂದೆ ನಿಂತ ಜೋಡಿದಾರ ಎತ್ತಿನ ಅಂಡಿನ ಮೇಲೆ ಫಟ್ ಎಂದು ಒಂದು ಬಿಗಿಯುತ್ತಿದ್ದ. ನಾನು ತಲೆ ಚಚ್ಚಿಕೊಂಡು ಬೈಯುತ್ತಿದ್ದೆ: “ಅಲೋ ಭಾಡ್ಯಾ, ಗಿರಾಕಿ ಮುಂದ ದನ ಹೊಡೀತಾರೇನೋ?” ಅವನು ಹಲ್ಲು ಕಿರಿದು, “ಅರೇ ಧನೀ, ಲೋಕ ಮ್ಹಣತಾತ ಮಾರ, ಮೀ ಮಾರತೋ!” ಎನ್ನುತ್ತಿದ್ದ. ಮಂದಿ ಹೇಳುತ್ತಾರೆ ಹೊಡೆ ಅಂತ, ನಾನು ಹೊಡೀತೀನಿ. ಕನ್ನಡದವರು ಅವನನ್ನು ನೋಡಿ ನಗುತ್ತಿದ್ದರು, ಮರಾಠಿಯವರು ನನ್ನನ್ನು ನೋಡಿ ನಗುತ್ತಿದ್ದರು. ಮತ್ತೆ ಕೇಳುತ್ತಿದ್ದೆ, ಮತ್ತೆ ಕೂಗುತ್ತಿದ್ದರು, ಮತ್ತೆ ಏಟು. ನಮ್ಮ ಸೀಮೆಯಲ್ಲಿ ಎರಡೂ ಭಾಷೆ ಗೊತ್ತಿಲ್ಲದವನು ಯಾರೂ ಇಲ್ಲ, ಆದ್ದರಿಂದ ನಗದವನೂ ಇರಲಿಲ್ಲ.

ಏಟಿನ ಕೋಲನ್ನು ನಾವು ಸೀಳುಗೋಲು ಎನ್ನುತ್ತಿದ್ದೆವು. ಎರಡು ಮೊಳದ ಬಿದಿರು. ಅರ್ಧದ ತನಕ ಸೀಳಿರುತ್ತದೆ, ಉಳಿದರ್ಧ ಹಿಡಿ. ಸೀಳು ತುದಿಯಿಂದ ಹೊಡೆದರೆ ಎರಡು ಹೋಳು ಒಂದಕ್ಕೊಂದು ಬಡಿದು ಊರಿಗೆಲ್ಲ ಕೇಳುವಂತೆ ಫಟ್ ಎನ್ನುತ್ತದೆ, ಮೈಗೆ ಮಾತ್ರ ನೊಣ ಕೂತಷ್ಟೂ ತಾಗುವುದಿಲ್ಲ. ಸೀಳು ಹಿಡಿಯ ಕಡೆಗೆ ಓಡದಿರಲಿ ಎಂದು ನಡುವೆ ಒಂದು ಕಬ್ಬಿಣದ ಬಳೆ ಹಾಕಿಸುವುದು ರೂಢಿ. ನಿಲಂಗಾಕ್ಕೆ ಹೊರಡುವ ಮೊದಲು ಜೋಡಿದಾರ ಉಮರ್ಗಾದ ಕಮ್ಮಾರನ ಹತ್ತಿರ ಹೊಸ ಕೋಲಿಗೆ ಬಳೆ ಹಾಕಿಸಿಕೊಂಡು ಬಂದ. ನಡುವೆ ಒಂದು, ಹಿಡಿಯ ತುದಿಗೆ ಇನ್ನೊಂದು.

“ತುದೀಗ್ಯಾಕೋ ಬಳಿ?” ಎಂದೆ.

“ಶೋಭೇಲಾ,” ಎಂದ. ಚಂದಕ್ಕೆ.

ಕೋಲನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದೆ. ಹಿಡಿಯ ಕಡೆ ಭಾರವಾಗಿತ್ತು. ತಿರುಗಿ ಕೊಟ್ಟೆ, ಏನೂ ಅನ್ನಲಿಲ್ಲ.

ಅನ್ನಬೇಕಾಗಿತ್ತು. ದಂಡು ಬಂದು ನವಾಬರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅದಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲಿ ನವಾಬರ ಕಡೆಯ ಬಂದೂಕಿನ ಟೋಳಿಗಳು ತಿರುಗುತ್ತಿದ್ದ ದಿನಗಳಲ್ಲಿ ಜೋಡಿದಾರನ ಅಪ್ಪನನ್ನು ಕಣದಲ್ಲೇ, ಜೋಳದ ರಾಶಿಯ ಮುಂದೆ, ಕೊಡಲಿಯಿಂದ ಕಡಿದಿದ್ದರು. ಇವನು ಕಣಿಕೆಯ ಬಣವೆಯೊಳಗೆ ಹೊಕ್ಕು ಕುಳಿತಿದ್ದ. ಕಣ್ಣಿಂದ ನೋಡಿರಲಿಲ್ಲ, ಕೇಳಿದ್ದ. ನಮ್ಮ ಮನೆಯೂ ಸುಟ್ಟಿತು. ಅವ್ವ ಸೊಲ್ಲಾಪುರದ ಕಡೆಯ ಶಿಬಿರದಲ್ಲಿ ವಾಂತಿಭೇದಿಯಾಗಿ ಸತ್ತಳು. ಆಮೇಲೆ ಗಾಳಿ ತಿರುಗಿತು. ಟೋಳಿಯವರಲ್ಲಿ ಬಹಳ ಮಂದಿ ಮೊದಲೇ ಓಡಿಹೋಗಿದ್ದರು. ಊರಲ್ಲಿ ಉಳಿದದ್ದು ತಾವೇನೂ ಮಾಡಿಲ್ಲ, ತಮಗೇನು ಆಗುತ್ತದೆ ಎಂದುಕೊಂಡ ಅವರ ಜಾತಿಯವರು. ಅವರನ್ನು ನಮ್ಮವರು ಕಡಿದರು. ಹೀಗೆ ಎರಡು ಸಲ ಹೆಣ ಬಿದ್ದ ಸೀಮೆಯಲ್ಲಿ ನಾವು ನಗಿಸಲು ಹೊರಟಿದ್ದೆವು. ನಗಿಸುವುದು ಸುಲಭವಾಗಿಯೇ ಇತ್ತು. ಮಂದಿ ನಗಲು ಹಸಿದಿದ್ದರು, ಹೊಡೆಯುವ ಜಾಗದಲ್ಲೇ ಹೆಚ್ಚು ನಗುತ್ತಿದ್ದರು. ಅದನ್ನು ನಾನು ಗಮನಿಸಿದ್ದೆ. ನನ್ನ ಕಸುಬಿನ ಬಡಿವಾರ ಎಂದುಕೊಂಡಿದ್ದೆ.

ನಿಲಂಗಾದ ಸಂತೆಯ ದಿನ ದನದ ಪ್ಯಾಟಿಯ ಅಂಚಿನಲ್ಲಿ ಜಾಗ ಸಿಕ್ಕಿತು. ಮಾಲಕ ಸುಣ್ಣದಿಂದ ನೆಲದ ಮೇಲೆ ಗುಂಡಗೆ ಗೆರೆ ಹಾಕಿದ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು ಕುಳಿತರು. ಹೆಂಗಸರ ಸಾಲಿನ ಮುಂದೆ ಬಿಳಿ ಸೀರೆಯ ಒಬ್ಬ ಗೌಡತಿ ಕುಳಿತಿದ್ದಳು. ದೇವಣಿ ದಾರಿಯ ಒಂದು ಹಳ್ಳಿಯವಳು. ಅವಳ ಕಥೆ ಪ್ಯಾಟಿಗೆಲ್ಲ ಗೊತ್ತಿತ್ತು. ಅವಳ ಗಂಡ ಊರ ಗೌಡ, ಟೋಳಿಗೆ ಧಾನ್ಯ ಕೊಡಲಿಲ್ಲ. ಅವನನ್ನೂ ಇನ್ನಿಬ್ಬರನ್ನೂ ಚಾವಡಿಯ ಮುಂದೆ ಗುಂಡಿಕ್ಕಿ ಕೊಂದು ಹೆಣಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋದರು. ಹೆಣ ಸಿಗಲೇ ಇಲ್ಲ. ಲಿಂಗವಂತರಲ್ಲಿ ಸತ್ತವನನ್ನು ಕೂರಿಸಿ, ಅಂಗೈಯಲ್ಲಿ ಅವನ ಇಷ್ಟಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅವಳ ಗಂಡನಿಗೆ ಅದು ಆಗಿರಲಿಲ್ಲ. ಹೋಳಿಗೆಯ ಹಬ್ಬ ಬಂದರೂ ಅವಳ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ಮಂದಿ ಹೇಳುತ್ತಿದ್ದರು. ಅವತ್ತು ಎತ್ತು ಕೊಳ್ಳಲು ಬಂದಿದ್ದಳು. ದಲಾಲಿಯವನು ಬರುವ ತನಕ ನಮ್ಮ ಆಟಕ್ಕೆ ಕುಳಿತಿದ್ದಳು, ನಗದೆ.

ಎತ್ತಾಗುವವನನ್ನು ಆರಿಸುವುದರಲ್ಲಿ ಆಟದ ಅರ್ಧ ಕೆಲಸ ಮುಗಿಯುತ್ತದೆ. ಜೋರಾಗಿ ನಗುವವನನ್ನು ಕರೆಯಬಾರದು, ಒಳಗೆ ಬಂದ ಕೂಡಲೇ ತಾನೇ ಸೋಗಿನವನಾಗುತ್ತಾನೆ. ಕುಡಿದವನು ಬೇಡ. ಬೀಗರ ಪಕ್ಕದಲ್ಲಿ ನಿಂತವನಂತೂ ಬೇಡವೇ ಬೇಡ. ಎಲ್ಲರಿಗಿಂತ ಒಳ್ಳೆಯವನು ಆಟ ಬಿಟ್ಟು ಹೆಂಗಸರ ಕಡೆ ನೋಡುವವನು. ಅವನನ್ನು ಹಿಡಿದರೆ ಹೆಂಗಸರೂ ನಗುತ್ತಾರೆ, ಗಂಡಸರೂ ನಗುತ್ತಾರೆ, ಅವನಿಗೆ ಮಾತ್ರ ಮಾತು ಹೊರಡುವುದಿಲ್ಲ.

ಅಂಥವನೊಬ್ಬ ಸಿಕ್ಕ. ಎತ್ತರದ ಆಳು, ಅಗಲ ಬೆನ್ನು, ತಲೆಯ ಮೇಲೆ ಕಂಬಳಿ ಹೊದ್ದು ಮುಖ ಮುಚ್ಚಿಕೊಂಡಿದ್ದ. ಬಿಸಿಲಲ್ಲಿ ಕಂಬಳಿ ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಅವನ ನೋಟ. ಹೆಂಗಸರ ಸಾಲನ್ನೇ ನೋಡುತ್ತಿದ್ದ, ಒಂದು ಹೆಜ್ಜೆ ಮುಂದೆ ಇಡುತ್ತಿದ್ದ, ಮತ್ತೆ ಹಿಂದೆ ಸರಿಯುತ್ತಿದ್ದ. ನಾನು ಕುಣಿಯುತ್ತ ಹೋಗಿ ಅವನ ರಟ್ಟೆ ಹಿಡಿದೆ.

“ಎಲ್ಲಿ ನೋಡ್ಲಿಕ್ಕತ್ತದ ನೋಡ್ರೀ ನಮ್ಮ ಎತ್ತು! ಹುಲ್ಲು ಈ ಕಡಿ ಅದಪಾ!”

ಮಂದಿ ಹೋ ಎಂದರು.

“ನಾ ಬ್ಯಾಡ್ರೀ,” ಎಂದ ಅವನು ಮೆಲ್ಲಗೆ. “ನಂದೊಂದು ಕೆಲಸ ಅದ. ಬಿಡ್ರೀ.”

ಬೇಡ ಎಂದಷ್ಟೂ ಎಳೆಯಬೇಕು, ಅದೂ ಒಂದು ನಿಯಮ. ಎಳೆದೆ. ಗೆರೆಯೊಳಗೆ ಬಂದಾಗ ಅವನು ನನ್ನ ಕಿವಿಯ ಹತ್ತಿರ, “ಛೋಡೋ ಭಾಯೀ, ಪಾಂವ್ ಪಡ್ತಾ,” ಎಂದ. ಬಿಡಪ್ಪಾ, ಕಾಲಿಗೆ ಬೀಳ್ತೀನಿ. ನಾನು ಅದನ್ನೇ ಎತ್ತರದ ದನಿಯಲ್ಲಿ ಅಣಕಿಸಿದೆ. ಮಂದಿ ಮತ್ತೂ ನಕ್ಕರು. ಕೋಡು ಮಾಡಲು ಅವನ ಕಂಬಳಿಯನ್ನೇ ಕಿತ್ತುಕೊಂಡು ಎರಡು ತುದಿ ತಿರುವಿ ತಲೆಗೆ ಸುತ್ತಿದೆ. ಅವನ ಮುಖ ಬಯಲಾಯಿತು. ಸೊಂಟಕ್ಕೆ ಹಗ್ಗ ಬಿಗಿದೆ. ಇನ್ನೇನು ಮಾಡುವುದೆಂದು ತಿಳಿಯದೆ ಅವನು ಕೈ ಊರಿ ಬಗ್ಗಿದ. ತಲೆ ತಗ್ಗಿಸಿದರೆ ಯಾರೂ ಗುರುತು ಹಿಡಿಯಲಾರರು ಎಂದುಕೊಂಡಿರಬೇಕು.

ಹಲ್ಲು ನೋಡಿದೆ. ಗೊರಸು ಎತ್ತಿದೆ. ಬೆನ್ನಿನ ಸುಳಿ ಒಳ್ಳೆಯದೆಂದು ಸಾರಿದೆ.

“ಮಾರ್ಲೇನ್ರೀ?”

“ಮಾರು!”

ಫಟ್. ಸೀಳಿನ ಸದ್ದು. ನಗು.

ಆಗ ಗಂಡಸರ ಕಡೆಯಿಂದ ಒಂದು ದನಿ ಬಂತು. ಕೂಗಿದ್ದಲ್ಲ, ಪಕ್ಕದವನಿಗೆ ಹೇಳಿದ ದನಿ. “ಅಲಾ, ಇಂವಾ ಅಂವಾ ಅಲ್ಲೇನು? ಟೋಳಿಯವರ ಗಾಡಿ ಹೊಡೀತಿದ್ದಾಂವ?”

ನಗು ನಿಂತಿತು. ಹಲಗಿಯೂ ನಿಂತಿತು. ಪ್ಯಾಟಿಯಲ್ಲಿ ಒಂದು ದನ ಅಂಬಾ ಎಂದದ್ದು ಕೇಳಿಸಿತು.

ಸೋಗಿನವನಿಗೆ ಮೌನವೆಂದರೆ ಸಾವು. ಮಂದಿ ಸುಮ್ಮನಾದರೆ ಹಿಂದಿನ ಮಾತನ್ನೇ ಇನ್ನೂ ಜೋರಾಗಿ ಹೇಳು ಎಂದು ಮುದುಕ ಕಲಿಸಿದ್ದ. ಹನ್ನೆರಡು ವರ್ಷದ ಅಭ್ಯಾಸ. ತಲೆ ಯೋಚಿಸುವ ಮೊದಲೇ ನಾಲಗೆ ಹೊರಳಿತು. ಮಂದಿಯ ಕಡೆ ಮುಖ ಮಾಡಿ, ಕೈ ಎತ್ತಿ, ದನಿ ಏರಿಸಿ, ನಾನೇ ಕೇಳಿದೆ: “ಮಾರ್ಲೇನ್ರೀ?”

“ಮಾರ್!” ಎಂದರು.

ಕೊನೆಯ ಉಕಾರ ಇರಲಿಲ್ಲ. ಆ ಒಂದು ಅಕ್ಷರ ಬಿದ್ದುಹೋದದ್ದನ್ನು ನಾನು ಸ್ಪಷ್ಟ ಕೇಳಿದೆ. ಕನ್ನಡದವರೂ ಮರಾಠಿಯವರೂ ಕೂಡಿಯೇ ಕೂಗಿದರು, ಎಲ್ಲರ ಬಾಯಲ್ಲೂ ಈಗ ಒಂದೇ ಅರ್ಥವಿತ್ತು.

ಜೋಡಿದಾರ ಹೊಡೆದ. ಫಟ್ ಎನ್ನಲಿಲ್ಲ. ದಪ್ ಎಂದಿತು. ಗಾಡಿಯವನ ಬಾಯಿಂದ ಗಾಳಿ ಹೊರಟುಹೋದ ಸದ್ದು ಬಂತು, ಮೊಣಕೈ ಮಡಿಚಿ ಎದೆ ನೆಲಕ್ಕೆ ಬಿತ್ತು. ಮತ್ತೆ ದಪ್. ಈ ಸಲ ಬೆನ್ನಲ್ಲ, ಕಿವಿಯ ಹಿಂದೆ. ಕಂಬಳಿಯ ಕೋಡು ಹಾರಿಬಿತ್ತು. ಮೂರನೆಯದು ಅವನು ಮುಖ ತಿರುಗಿಸಿದಾಗ ಬಿತ್ತು. ಬಳೆಯ ಅಂಚು ಕೆನ್ನೆಯನ್ನು ಹರಿದು ಬಾಯಿಯ ತನಕ ತೆರೆಯಿತು. ಎರಡು ಹಲ್ಲು ಸುಣ್ಣದ ಗೆರೆಯ ಮೇಲೆ ಬಿದ್ದವು. ಅಲ್ಲಿಯ ತನಕ ಓರೆಗಣ್ಣಲ್ಲಿ ಕಂಡದ್ದಷ್ಟೇ, ಆಗಲೇ ನಾನು ತಿರುಗಿದ್ದು. ಜೋಡಿದಾರ ಕೋಲನ್ನು ತಿರುಗಿಸಿ ಹಿಡಿದಿದ್ದ. ಸೀಳು ಅವನ ಮುಷ್ಟಿಯಲ್ಲಿತ್ತು, ಕಬ್ಬಿಣದ ಬಳೆ ಮೇಲಿತ್ತು. ಅವನ ಮುಖದಲ್ಲಿ ಇನ್ನೂ ಆಳಿನ ಸೋಗಿನ ನಗು ಹಾಗೆಯೇ ಅಂಟಿಕೊಂಡಿತ್ತು.

ಗೆರೆ ಒಡೆಯಿತು. ಮುಂದಿನ ಸಾಲಿನವರು ಕಾಲಿಂದ ಒದೆಯತೊಡಗಿದರು. ಒಬ್ಬನ ಕೈಯಲ್ಲಿ ಬಾರುಕೋಲು ಇತ್ತು. ಯಾರೋ ಕಲ್ಲು ಎಸೆದರು, ಅದು ಹೊಡೆಯುತ್ತಿದ್ದವನಿಗೇ ತಾಗಿತು, ಅವನು ಅದೇ ಕಲ್ಲು ಎತ್ತಿಕೊಂಡ. ನಾನು “ಬಿಡ್ರೋ! ಆಟ ಮುಗೀತು!” ಎಂದು ಅರಚಿದೆ. ಒಬ್ಬಿಬ್ಬರು ನಕ್ಕರು. ಅದೇ ನನ್ನ ಕರ್ಮ. ಮುಖಕ್ಕೆ ಬಣ್ಣ ಹಚ್ಚಿಕೊಂಡು, ತಲೆಕೆಳಗು ಪಟಗಾ ಸುತ್ತಿಕೊಂಡವನು ಜೀವ ಉಳಿಸಿ ಎಂದರೂ ಹಾಸ್ಯವೇ.

ಗಾಡಿಯವನ ಮೇಲೆ ಬಿದ್ದೆ. ಧೈರ್ಯದಿಂದ ಅಲ್ಲ, ಇನ್ನೇನೂ ತೋಚಲಿಲ್ಲ. ಜೋಡಿದಾರನ ನಾಲ್ಕನೆಯ ಏಟು ನನ್ನ ಹೆಗಲ ಮೂಳೆಯ ಮೇಲೆ ಬಿತ್ತು. ಒಳಗೆ ಕಟಕ್ ಎಂದಿತು. ಬಾರುಕೋಲು ಕೈಯ ಮೇಲೆ ಬರೆ ಎಳೆಯಿತು. ಕೆಳಗಿದ್ದವನ ರಕ್ತ ನನ್ನ ಬಾಯಿಗೆ ಬಂತು. ಮಂದಿಯ ಕಾಲುಗಳ ಸಂದಿನಿಂದ ಒಬ್ಬ ಕುಡುಗೋಲು ಹಿಡಿದು ಬರುವುದು ಕಾಣಿಸಿತು. ಓಡುತ್ತಿರಲಿಲ್ಲ, ಸಾವಕಾಶ ಬರುತ್ತಿದ್ದ.

ಆಗ ನಿರ್ಧಾರ ಮಾಡಿದೆ. ಆಟದ ಹೊರಗೆ ನಿಂತು ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಹಾಗಾದರೆ ಆಟದ ಒಳಗೇ ಹೇಳಬೇಕು.

ನಮ್ಮ ದನದ ಪ್ಯಾಟಿಯಲ್ಲಿ ಬಾಯಿಂದ ವ್ಯಾಪಾರ ಮಾಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಶಲ್ಯದ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಮಾತಾಡುತ್ತಾರೆ. ಶಲ್ಯದ ಕೆಳಗೆ ಕೈ ಇರುವ ತನಕ ಮೂರನೆಯವನು ಬಾಯಿ ಹಾಕಬಾರದು, ದನವನ್ನು ಮುಟ್ಟಬಾರದು. ಮುಟ್ಟಿದವನಿಗೆ ಪ್ಯಾಟಿಯಲ್ಲಿ ಮತ್ತೆ ಮರ್ಯಾದೆ ಇಲ್ಲ. ಅಲ್ಲಿ ನಿಂತವರೆಲ್ಲ ಹಾಲು ಕುಡಿಯುವಾಗಿನಿಂದ ಆ ಪ್ಯಾಟಿ ಕಂಡವರು. ಮೈಗೆ ಹತ್ತಿದ ರೂಢಿ ಅದು.

ಎದ್ದು ಕುಳಿತೆ. ನೆಟ್ಟಗಿದ್ದ ಬಲಗೈಯಿಂದ ಹೆಗಲ ಶಲ್ಯ ಎಳೆದು, ಅದೇ ಕೈಯ ಮೇಲೆ ಹಾಕಿಕೊಂಡು, ಮುಂದೆ ಚಾಚಿ, ದಲಾಲಿಯವನ ದನಿಯಲ್ಲಿ ಕೂಗಿದೆ: “ಕೈ ಒಳಗದ! ಗಿರಾಕಿ ಬಂದದ! ಕೈ ಒಳಗದ್ರೋ!”

ಎತ್ತಿದ ಕಾಲು ಒಂದೆರಡು ಕೆಳಗೆ ಇಳಿದವು. ಬಾರುಕೋಲಿನವನು ಸುತ್ತ ನೋಡಿದ, ಯಾರ ಕೈ ಎಂದು. ಯಾರ ಕೈಯೂ ಇರಲಿಲ್ಲ. ನನ್ನದೊಂದೇ ಶಲ್ಯದ ಕೆಳಗಿತ್ತು. ಕುಡುಗೋಲಿನವನು ಹತ್ತಿರ ಬಂದಿದ್ದ. ಇನ್ನೊಂದು ಉಸಿರು ಎಳೆಯುವಷ್ಟರಲ್ಲಿ ಸುಳ್ಳು ಬಯಲಾಗುತ್ತಿತ್ತು.

ಹೆಂಗಸರ ಸಾಲಿನಿಂದ ಗೌಡತಿ ಎದ್ದಳು. ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದು ಬಂದಳು. ಮಂದಿ ದಾರಿ ಬಿಟ್ಟರು. ಅವಳಿಗಿಂತ ಹೆಚ್ಚು ಕಳಕೊಂಡವರು ಅಲ್ಲಿ ಇರಲಿಲ್ಲ, ಕೊನೆಯ ಏಟು ಹಾಕಲು ಬಂದಳೆಂದೇ ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ. ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಹೆಂಗಸು ಯಾವತ್ತೂ ಶಲ್ಯದ ಕೆಳಗೆ ಕೈ ಇಟ್ಟದ್ದನ್ನು ಆ ಪ್ಯಾಟಿ ಕಂಡಿರಲಿಲ್ಲ. ಅವಳು ಇಟ್ಟಳು.

ಬೆರಳು ಎಣಿಸಲಿಲ್ಲ. ನನ್ನ ತೋರುಬೆರಳನ್ನು ಹಿಡಿದು ಹಿಂದಕ್ಕೆ ತಿರುವಿದಳು. ಒಕ್ಕಲುತನದ ಕೈ. ಗೆಣ್ಣು ತಪ್ಪಿತು. ಕಣ್ಣಲ್ಲಿ ನೀರು ಬಂದರೂ ನಾನು ಬಾಯಿ ಬಿಡಲಿಲ್ಲ.

“ಅಂವಾ ಜೀವಂತ ಬೇಕು ನನಗ,” ಎಂದಳು, ನನಗೊಬ್ಬನಿಗೇ ಕೇಳುವಂತೆ. “ತಿಳೀತೇನು? ಜೀವಂತ.”

ಎದ್ದು ನಿಂತು ಮಂದಿಗೆ ಹೇಳಿದಳು: “ತಗೊಂಡೀನಿ.”

“ಹಾ ವಿಕಾಯಚಾ ನಾಹೀ!” ಜೋಡಿದಾರ ಅರಚಿದ. ಇದು ಮಾರಾಟಕ್ಕಿಲ್ಲ. ಕೋಲು ಇನ್ನೂ ಮೇಲಿತ್ತು. “ಬಾಯೀ, ತುಮ್ಹೀ ಬಾಜೂಲಾ ವ್ಹಾ. ಪಕ್ಕಕ್ ಸರೀರಿ.”

“ಯಾಕ ಮಾರಾಟಕ್ಕಿಲ್ಲ?” ಎಂದಳು ಗೌಡತಿ. “ಮಾರ್ಲೇನು ಅಂತ ಇಂವಾ ಕೇಳಿದಾ. ಮಾರು ಅಂತ ನೀವು ಕೂಗಿದ್ರಿ. ಒಬ್ಬರಲ್ಲ ಇಬ್ಬರಲ್ಲ, ಪ್ಯಾಟಿಗಿ ಪ್ಯಾಟಿನೇ ಕೂಗದ. ಮಾರ್ಯಾರ, ನಾ ತಗೊಂಡೀನಿ. ಈಗ ಇದು ನನ್ನ ದನ. ನನ್ನ ಗಂಡನ್ನ ಕೊಂದಾಗ ನಿಮ್ಮೊಳಗ ಒಬ್ಬರೂ ಚಾವಡಿ ಮುಂದ ಬರಲಿಲ್ಲ. ಇವತ್ತ ನನ್ನ ದನಕ್ಕ ಕೈ ಹಚ್ಚಾಂವ ಯಾಂವ ಅದಾನ, ಮುಂದ ಬರ್ರಿ. ಮುಖ ನೋಡ್ತೀನಿ.”

ಯಾರೂ ಬರಲಿಲ್ಲ. ಕುಡುಗೋಲಿನವನು ಅದನ್ನು ಬೆನ್ನ ಹಿಂದೆ ಹಿಡಿದ. ಜೋಡಿದಾರ ಮಾತ್ರ ಕೋಲು ಇಳಿಸದೆ ನಿಂತಿದ್ದ. ಗೌಡತಿ ಅವನ ಮುಂದೆಯೇ ಹಗ್ಗಕ್ಕೆಂದು ನನ್ನ ಕಡೆ ಕೈ ಚಾಚಿದಳು. ಹಗ್ಗವನ್ನು ಬರಿಗೈಯಿಂದ ಕೊಡಬಾರದು, ಬಟ್ಟೆ ಹಿಡಿದು ಕೊಡಬೇಕು. ನಾನು ಶಲ್ಯದ ತುದಿಯಲ್ಲಿ ಹಗ್ಗ ಹಿಡಿದು ಅವಳ ಸೆರಗಿಗೆ ಹಾಕಿದೆ. ವ್ಯಾಪಾರ ಮುಗಿಯಿತು.

ಮಾರಿದವನು ದನವನ್ನು ಪ್ಯಾಟಿಯ ಬಾಗಿಲ ತನಕ ಬಿಟ್ಟು ಬರುವುದೂ ರೂಢಿ. ಗಾಡಿಯವನಿಗೆ ನಡೆಯಲು ಆಗಲಿಲ್ಲ. ನಾನೂ ಮಾಲಕನೂ ಅವನ ಕಂಕುಳಿಗೆ ಕೈ ಕೊಟ್ಟು ಎಳೆದೆವು. ಗೌಡತಿ ಮುಂದೆ, ಹಗ್ಗ ಹಿಡಿದು, ಹಿಂದೆ ತಿರುಗದೆ. ದಾರಿಯ ಇಬ್ಬದಿಯಲ್ಲೂ ಮಂದಿ ನೋಡುತ್ತ ನಿಂತಿದ್ದರು. ಒಬ್ಬ ಉಗುಳಿದ, ಅದು ನನಗೆ ಬಿತ್ತೋ ಅವನಿಗೋ ತಿಳಿಯಲಿಲ್ಲ.

ಅವಳ ಗಾಡಿಯ ನೊಗಕ್ಕೆ ಒರಗಿಸಿ ಕೂರಿಸಿದೆವು. ನೀರು ಕೊಟ್ಟರೆ ಹರಿದ ಕೆನ್ನೆಯಿಂದ ಹೊರಗೆ ಹರಿಯಿತು. ಗೌಡತಿ ಅವನ ಕೂದಲು ಹಿಡಿದು ಮುಖ ಮೇಲೆತ್ತಿದಳು.

“ನೀನ ಹೊಡದೀಯಲ್ಲಾ ಆವತ್ತ ಗಾಡಿ? ಸುಳ್ಳ ಹೇಳಬ್ಯಾಡ.”

“ಹೊಡದೀನ್ರೀ ಅವ್ವಾ,” ಎಂದ. ಮಾತು ರಕ್ತದಲ್ಲಿ ಗುಳುಗುಳು ಎನ್ನುತ್ತಿತ್ತು. “ಬಂದೂಕು ಹಚ್ಚಿದ್ರು ಬೆನ್ನಿಗಿ. ನನ್ನ ಹತ್ರ ಎತ್ತು ಇದ್ವು, ಗಾಡಿ ಇತ್ತು. ಹೊಡದೀನಿ.”

“ಎಲ್ಲಿ ಹಾಕಿದ್ರಿ?”

ಅವನ ಎಡಗೈ ಏಳುತ್ತಿರಲಿಲ್ಲ, ಬಲಗೈಯಿಂದ ನಾನು ಕಟ್ಟಿದ ಹಗ್ಗವನ್ನು ಸಡಿಲಿಸಿ, ಧೋತರದ ಗಂಟಿನೊಳಗೆ ಬೆರಳು ಹಾಕಿ ಒಂದು ಚಿಂದಿ ಬಟ್ಟೆ ತೆಗೆದ. ಅದರೊಳಗೆ ಬೆಳ್ಳಿಯ ಕರಡಿಗೆ ಇತ್ತು, ಲಿಂಗ ಇಟ್ಟು ಕೊರಳಿಗೆ ಕಟ್ಟುವ ಕರಡಿಗೆ. ಕಪ್ಪಾಗಿತ್ತು, ಶಿವದಾರ ತುಂಡಾಗಿತ್ತು.

“ಬಾಂವ್ಯಾಗ ಹಾಕೂ ಮುಂದ ನಾ ತಕ್ಕೊಂಡೀನಿ,” ಎಂದ. “ಅವರು ಕಂಡಿದ್ರ ಬೆಳ್ಳಿ ಅಂತ ಕರಗಸ್ತಿದ್ರು. ಎರಡ ವರ್ಷ ಇಟಗೊಂಡೀನಿ. ಮನಿಗಿ ಬರ್ಲಿಕ್ಕ ಅಂಜಿಕಿ. ಪ್ಯಾಟಿಗಿ ಬರ್ತೀರಿ ಅಂತ ಕೇಳಿ ಬಂದೆ. ನಿಮ್ಮ ಹತ್ರ ಬರೂದೊಳಗ...” ನನ್ನ ಕಡೆ ನೋಡಿದ.

ನಾನು ಅವನನ್ನು ಹೆಂಗಸರ ಕಡೆ ನೋಡುವವನೆಂದು ಎಳೆದಿದ್ದೆ. ಅವನು ಒಬ್ಬಳೇ ಹೆಂಗಸನ್ನು ನೋಡುತ್ತಿದ್ದ.

ಗೌಡತಿ ಕರಡಿಗೆಯ ಮುಚ್ಚಳ ತಿರುವಿದಳು. ಒಳಗೆ ಲಿಂಗ ಇತ್ತು. ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಇನ್ನೊಂದು ಕೈಯಿಂದ ಅವನ ನೆಟ್ಟಗಿದ್ದ ಕೆನ್ನೆಗೆ ಬೀಸಿ ಹೊಡೆದಳು. ಅವನು ಮುಖ ತಿರುಗಿಸಲಿಲ್ಲ. ಮತ್ತೊಮ್ಮೆ ಹೊಡೆದಳು. ಆಮೇಲೆ ತನ್ನ ಸೆರಗಿನ ಅಂಚು ಹರಿದು ಅವನ ಬಾಯಿಗೆ ಕಟ್ಟಿದಳು.

“ಬಾಂವಿ ತೋರ್ಸು,” ಎಂದಳು. “ಗಾಡಿ ಹತ್ತಿಸ್ರಿ ಇವನ್ನ.”

ಆ ಸಲ ಅವಳು ಎತ್ತು ಕೊಳ್ಳದೆ ಹೋದಳು. ಮುಂದಿನದನ್ನು ಉದಗೀರದಲ್ಲಿ ಮಾಲಕ ಯಾರ ಬಾಯಿಂದಲೋ ಕೇಳಿಕೊಂಡು ಬಂದು ಹೇಳಿದ. ಹಾಳು ಬಾವಿ, ಕಲ್ಲು ಮಣ್ಣು ತುಂಬಿಸಿದ್ದರು. ನಾಲ್ಕು ದಿನ ತೋಡಿಸಿದಳು. ಮೂವರ ಎಲುಬು ಕೂಡಿಹೋಗಿದ್ದವು, ಯಾರದು ಯಾವುದು ಎಂದು ತಿಳಿಯಲಿಲ್ಲ. ಮೂವರನ್ನೂ ಒಂದೇ ಕುಣಿಯಲ್ಲಿ ಮಣ್ಣು ಮಾಡಿಸಿ ಕರಡಿಗೆಯನ್ನು ನಡುವೆ ಇಟ್ಟಳಂತೆ. ಆ ನಾಲ್ಕು ದಿನವೂ ಗಾಡಿಯವನು ಅವಳ ದನದ ಕೊಟ್ಟಿಗೆಯಲ್ಲಿದ್ದ. ಅವನ ಒಂದು ಕಣ್ಣು ಹೋಯಿತು. ಆಮೇಲೆ ಊರು ಬಿಟ್ಟ. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ಉದಗೀರದ ಆಟಕ್ಕೆ ನನ್ನ ಹೆಗಲು ಇನ್ನೂ ಕೂಡಿರಲಿಲ್ಲ. ಬೆರಳು ಇವತ್ತಿಗೂ ಕೂಡಿಲ್ಲ, ಸೊಟ್ಟಗೇ ಇದೆ. ಮಾಲಕನಿಗೆ ಎರಡು ಮಾತು ಹೇಳಿದೆ. ಇನ್ನು ಮೇಲೆ ಮಂದಿಯಿಂದ ಯಾರನ್ನೂ ಎಳೆಯುವುದಿಲ್ಲ, ಎತ್ತು ನಾನೇ ಆಗುತ್ತೇನೆ. ಮತ್ತು ‘ಮಾರ್ಲೇನ್ರೀ’ ಎಂದು ಕೇಳುವುದಿಲ್ಲ, ‘ಕೊಡ್ಲೇನ್ರೀ’ ಎಂದು ಕೇಳಬೇಕು.

“ಅದರಾಗ ನಗು ಎಲ್ಲಿ ಬಂತೋ?” ಎಂದ ಮಾಲಕ. ಅವನು ಹೇಳಿದ್ದು ನಿಜ. ಬರಲಿಲ್ಲ.

ನಿಲಂಗಾದಿಂದ ಉದಗೀರದ ತನಕ ಜೋಡಿದಾರ ನನ್ನ ಜೊತೆ ಮಾತಾಡಿರಲಿಲ್ಲ. ಆಟಕ್ಕೆ ಮೊದಲು ಬಣ್ಣ ಹಚ್ಚಿಕೊಳ್ಳುವಾಗ ಅವನು ಹರಕು ಮುರುಕು ಕನ್ನಡದಲ್ಲಿ ಕೇಳಿದ:

“ತುಲಾ ಗೊತ್ತಿತ್ತು ನಾ? ನಾ ಕೋಲ್ ತಿರಗಿಸಿದ್ದು? ಕೇಳಿದ್ ಕೂಡ್ಲೇ ಗೊತ್ತಾಗತದ ನಿನಗ. ಹನ್ನೆರಡ ವರ್ಷ ಕೇಳೀದಿ ಆ ಸೀಳು.”

ನಾನು ಕನ್ನಡಿ ಕೆಳಗಿಟ್ಟೆ.

“ಪಹಿಲಾ ಏಟಿಗೇ ಗೊತ್ತಾಗಿತ್ತು ನಿನಗ,” ಎಂದ. “ಮತ್ತ ತೀನ್ ತಕ ಯಾಕ ಬೆನ್ ತಿರಗಿಸಿ ನಿಂತಿ? ಮೂರು ಬೀಳೂ ತನಕ?”

ಹೆಗಲು ಮುರಿದುಕೊಂಡು ಒಬ್ಬನನ್ನು ಉಳಿಸಿದೆನೆಂದು ಉದಗೀರದವರು ನನಗೆ ಭಲೇ ಎಂದಿದ್ದರು. ನನಗೇ ನಾನು ಅದನ್ನೇ ಹೇಳಿಕೊಳ್ಳುತ್ತಿದ್ದೆ. ಅವನು ಒಬ್ಬನೇ ಎಣಿಸಿದ್ದ.

“ನನಗೂ ಬೇಕಾಗಿತ್ತು,” ಎಂದೆ.

ಅವನು ತಲೆಯಾಡಿಸಿದ. ಕೋಲು ತಂದು ತೋರಿಸಿದ. ಹಿಡಿಯ ತುದಿಯ ಬಳೆ ಕಿತ್ತುಹಾಕಿದ್ದ, ಅದು ಇದ್ದ ಜಾಗದಲ್ಲಿ ಬಿದಿರು ಬೆಳ್ಳಗೆ ಕಾಣುತ್ತಿತ್ತು.

ಹಲಗಿ ಬಡಿದರು. ನಾನು ಗೆರೆಯೊಳಗೆ ಹೋಗಿ ಒಂದೇ ಕೈ ಊರಿ ಬಗ್ಗಿದೆ. ಹಗ್ಗವನ್ನು ಅವನೇ ಕಟ್ಟಿದ, ಸೊಂಟಕ್ಕೆ. ಎತ್ತಾದವನಿಗೆ ನೆಲವೊಂದೇ ಕಾಣುತ್ತದೆ, ಹಿಂದೆ ಯಾರು ಏನು ಹಿಡಿದಿದ್ದಾರೆ ಎಂಬುದು ಕಾಣುವುದಿಲ್ಲ. ಅದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮಾಲಕ “ಕೊಡ್ಲೇನ್ರೀ?” ಎಂದ. ಮಂದಿ ಏನೋ ಅಂದರು. ಗಾಳಿಯಲ್ಲಿ ಕೋಲು ಎದ್ದ ಸುಯ್ಯೆಂಬ ಸದ್ದು ಕೇಳಿತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾದೆ.

ಫಟ್ ಎಂದಿತು. ಆಗ ಉಸಿರು ಬಿಟ್ಟೆ.